ಪಕ್ಕದ ಆಸನದ ತಾಳ

ನಿನ್ನೆ ಮತ್ತೊಮ್ಮೆ ‘ಸತ್ತವರ ನೆರಳು’ ನೋಡಿ ಬಂದೆ. ಬಿ.ವಿ. ಕಾರಂತರು ಪುರಂದರದಾಸರ ಪದಗಳನ್ನು ನಾಟಕದೊಳಗೆ ಹೆಣೆದ ಬಗೆ ಇಂದಿಗೂ ಹಳತಾಗಿಲ್ಲ. ಅಲ್ಲಿ ಹಾಡು ಮಾತಿಗೆ ಬಿಡುವು ಕೊಡಲು ಬರುವುದಿಲ್ಲ. ಮಾತು ಹೇಳಲಾಗದ್ದನ್ನು ನಗುತ್ತಲೇ ಚುಚ್ಚಿ ಹೋಗುತ್ತದೆ. ಧ್ವನಿಮುದ್ರಿಕೆ ಹಾಕಿ ನಟರು ಬರೀ ತುಟಿ ಆಡಿಸುವ ಪ್ರದರ್ಶನಗಳನ್ನು ನಾನಂತೂ ಸಂಗೀತ ನಾಟಕ ಎನ್ನಲಾರೆ.

ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಪ್ರತಿ ಪದಕ್ಕೂ ತೊಡೆಯ ಮೇಲೆ ತಾಳ ಹಾಕುತ್ತ ಸಣ್ಣಗೆ ಗುನುಗುತ್ತಿದ್ದರು. ಮೊದಲು ಸಿಟ್ಟು ಬಂತು. ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಎಂದು ಕೂಗಿ, ಸತ್ತು ಬಿದ್ದ ಪಾತ್ರವನ್ನೂ ಎಬ್ಬಿಸಿ ಹಾಡಿಸುತ್ತಿದ್ದ ಕಾಲದವರಿರಬೇಕು ಎಂದುಕೊಂಡು ಸುಮ್ಮನಾದೆ. ಮೂರನೆಯ ಪದಕ್ಕೆ ನನ್ನ ಬೆರಳೂ ಆಡುತ್ತಿತ್ತು.

ಮುಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದಿದ್ದವನಿಗೆ ಮಾತ್ರ ಈ ರಿಯಾಯಿತಿ ಇಲ್ಲ.