ಬ್ಲೂ ಮೂನ್ ಮತ್ತು ಕಾಫಿ ಲೋಟ

ಮಗಳ ಹೋಂವರ್ಕ್. ‘ಒನ್ಸ್ ಇನ್ ಎ ಬ್ಲೂ ಮೂನ್’ ಬಳಸಿ ಒಂದು ವಾಕ್ಯ ಬರೆಯಬೇಕಂತೆ.

ಸುಮ್ನೆ ಇರಲಾರದೆ ವಿವರಿಸಲು ಕೂತೆ. ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದು ಬ್ಲೂ ಮೂನ್. 2023ರ ಆಗಸ್ಟ್‌ನಲ್ಲಿ ಬಂದಿತ್ತು. ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಬರುತ್ತದೆ. ನೀಲಿ ಮಾತ್ರ ಇರುವುದಿಲ್ಲ. ನಮ್ಮ ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಇದ್ದ ಹಾಗೆ ಅಂದೆ.

‘ಅದು ತಿಂಗಳಿಗೆ ಎರಡು ಸಲ ಆಯ್ತಲ್ಲಪ್ಪಾ?’

ಹೌದಲ್ವಾ! ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವವರನ್ನು ಅಪರೂಪ ಅಂತ ಯಾಕೆ ಆಡಿಕೊಳ್ಳುತ್ತೇವೋ.

ಆಮೇಲೆ ನೋಟ್‌ಬುಕ್ ನೋಡಿದೆ. ಪೆನ್ಸಿಲ್‌ನಲ್ಲಿ ದುಂಡಗೆ ಬರೆದಿದ್ದಳು: ‘ಮೈ ಫಾದರ್ ವಾಷಸ್ ಹಿಸ್ ಕಾಫಿ ಲೋಟ ಒನ್ಸ್ ಇನ್ ಎ ಬ್ಲೂ ಮೂನ್.’

ವ್ಯಾಕರಣ ಸರಿ ಇದೆ. ಲೋಟ ಇನ್ನೂ ಟೇಬಲ್ ಮೇಲೇ ಇದೆ.