ಟ್ರೇಲರ್ ತೂಗಾಡಿದ ಮೇಲೆ ಹಿಚ್ ಹುಡುಕಿದ್ದು

ಕ್ಯಾಲಿಫೋರ್ನಿಯಾದಲ್ಲಿ ಐ-10 ಮೇಲೆ, ಪಾಮ್ ಸ್ಪ್ರಿಂಗ್ಸ್ ಹತ್ರ ಗಾಳಿಯಂತ್ರಗಳು ಸಾಲಾಗಿ ನಿಂತಿರೋ ಕಣಿವೇಲಿ, ಪಕ್ಕದಲ್ಲೇ ಒಂದು ದೊಡ್ಡ ಟ್ರಕ್ ಪಾಸಾಯ್ತು ನೋಡಿ, ನಮ್ಮ ಟ್ರೇಲರ್ ತೂಗಾಡೋಕೆ ಶುರು, ಕನ್ನಡೀಲಿ ಒಂದ್ಸಲ ಅದರ ಎಡಗೋಡೆ ಕಾಣುತ್ತೆ ಇನ್ನೊಂದ್ಸಲ ಬಲಗೋಡೆ. ಗಾಡಿ ಬ್ರೇಕ್ ಮುಟ್ಲಿಲ್ಲ, ಆಕ್ಸಿಲರೇಟರ್ ಬಿಟ್ಟು ಟ್ರೇಲರ್ ಬ್ರೇಕ್ ಮಾತ್ರ ಕೈಯಲ್ಲಿ ಒತ್ತಿದೆ, ಹಿಡಿತಕ್ಕೆ ಬಂತು. ಹಿಂದೆ ಮಕ್ಕಳು ಉಸಿರೇ ಎತ್ತಲಿಲ್ಲ.

ಹಿಚ್ (ಗಾಡಿಗೆ ಟ್ರೇಲರ್ ಜೋಡಿಸೋ ಕೊಂಡಿ) ಕೊಳ್ಳೋಕ್ಮುಂಚೆ ಟಂಗ್ ವೆಯ್ಟ್, ಅಂದ್ರೆ ಟ್ರೇಲರ್ ಮೂತಿ ಆ ಕೊಂಡಿ ಮೇಲೆ ಹಾಕೋ ಭಾರ, ಅಳೀರಿ, ದಯವಿಟ್ಟು. ಟ್ರೇಲರ್ ತೂಕದ 10ರಿಂದ 15 ಪರ್ಸೆಂಟ್ ಹಿಚ್‌ನ ಗುಂಡು, ಅಂದ್ರೆ ಬಾಲ್, ಮೇಲೆ ಕೂರ್ಬೇಕು. ನಮ್ಮದು 6000 ಪೌಂಡ್, ಅಂದ್ರೆ ಕನಿಷ್ಠ 600 ಇರ್ಬೇಕಿತ್ತು, ಇದ್ದಿದ್ದು 520, ಯಾಕಂದ್ರೆ ಅಕ್ಕಿ ಚೀಲ, ನೀರಿನ ಕ್ಯಾನು, ಸೈಕಲ್ಲು ಎಲ್ಲಾ ಟ್ರೇಲರ್ ಆಕ್ಸಲ್ (ಚಕ್ರದ ಅಚ್ಚು) ಹಿಂದೆ ತುಂಬಿದ್ವಿ. ಎಂಥ ಹಿಚ್ಚೂ ಇದನ್ನ ಸರಿಮಾಡಲ್ಲ. ಸಾಮಾನು ಮುಂದಕ್ಕೆ ಹಾಕಿದ್ಮೇಲೆ 740 ಆಯ್ತು.

ಭಾರ ಹಂಚೋ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್‌ನ ಸ್ಪ್ರಿಂಗ್ ಬಾರ್‌ಗಳು, ಅಂದ್ರೆ ಬಗ್ಗೋ ಉಕ್ಕಿನ ಸರಳುಗಳು, ಆ ಭಾರದಲ್ಲಿ ಸ್ವಲ್ಪ ಗಾಡಿಯ ಮುಂದಿನ ಚಕ್ರಕ್ಕೆ, ಸ್ವಲ್ಪ ಟ್ರೇಲರ್ ಆಕ್ಸಲ್‌ಗೆ ತಳ್ಳುತ್ವೆ, ಸ್ಟೀರಿಂಗ್‌ಗೆ ಬಿಗಿ ಬರುತ್ತೆ, ಆದ್ರೆ ತೂಗಾಟ ತಡೆಯೋಕೆ ಸ್ವೇ ಕಂಟ್ರೋಲ್ ಬೇರೆ ಬೇಕು. ಅದಕ್ಕೇ ಉಜ್ಜಾಟದಿಂದ ನಾಲ್ಕು ಕಡೆ ತಡೆಯೋ ಈಕ್ವಲೈಜರ್ ಅನ್ನೋ ಬ್ರಾಂಡಿನ ಹಿಚ್ ತಗೊಂಡೆ, 1000 ಪೌಂಡ್ ಬಾರ್‌ದು, ಗಾಡಿ ಡಿಕ್ಕಿಯಲ್ಲಿರೋ ಸಾಮಾನನ್ನೂ ಲೆಕ್ಕಕ್ಕೆ ಹಿಡಿದು. ತಿರುವಲ್ಲಿ ಕಿರ್ರ್ ಅನ್ನುತ್ತೆ, ಅನ್ನಲಿ ಬಿಡಿ.

ಹಿಚ್ ಸೆಟ್ಟಿಂಗ್‌ಗೆ ಅಳತೆ ಟೇಪ್ ಸಾಕು. ಗಾಡಿಯ ಮುಂದಿನ ಫೆಂಡರ್ (ಚಕ್ರದ ಮೇಲಿನ ಕಮಾನು) ಎತ್ತರ ಟ್ರೇಲರ್ ಇಲ್ಲದಾಗ 36 ಇಂಚು, ಟ್ರೇಲರ್ ಕೂರಿಸಿದಾಗ 37 ಮುಕ್ಕಾಲು, ಬಾರ್ ಹಾಕಿದ್ಮೇಲೆ 36 ಕಾಲು, ಅಂದ್ರೆ ಹೆಚ್ಚುಕಮ್ಮಿ ಮೊದಲಿನಷ್ಟೇ.