ಆರು ಗೆದ್ದರೆ ಜಸ್ಟ್ ಪಾಸ್

2024ರ ನವೆಂಬರ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜನಿಗೆ ಊಟವೇ ಸೇರುತ್ತಿರಲಿಲ್ಲ. ಕಾರಣ ಫುಟ್‌ಬಾಲ್. ಕೈಯಲ್ಲಿ ಹಿಡಿದು ಓಡುತ್ತಾರಲ್ಲ, ಆ ಅಮೆರಿಕದ ಫುಟ್‌ಬಾಲ್.

ನಾವಿರುವುದು ನೆಬ್ರಾಸ್ಕಾದ ಲಿಂಕನ್ನಿನಲ್ಲಿ. ಯೂನಿವರ್ಸಿಟಿ ಟೀಮಿನ ಮ್ಯಾಚ್ ಇದ್ದ ಶನಿವಾರ ಊರಿಗೆ ಊರೇ ಕೆಂಪು ಬಟ್ಟೆ ತೊಡುತ್ತದೆ. 1962ರಿಂದ ಇಲ್ಲಿನ ಸ್ಟೇಡಿಯಂ ಟಿಕೆಟ್ ಒಂದು ಮ್ಯಾಚಿಗೂ ಉಳಿದಿಲ್ಲವಂತೆ. ಆದರೆ ಟೀಮು ಮಾತ್ರ 2016ರ ನಂತರ ಒಂದು ಬೌಲ್ ಗೇಮನ್ನೂ ಕಂಡಿರಲಿಲ್ಲ.

ಬೌಲ್ ಅಂದರೆ ಸಾರಿನ ಬಟ್ಟಲೇನೋ ಅಂದುಕೊಂಡಿದ್ದೆ ನಾನು. ಅಜ್ಜ ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿ ಬಿಡಿಸಿ ಹೇಳಿದರು. ಸೀಸನ್ನಿಗೆ 12 ಮ್ಯಾಚು. ಆರು ಗೆದ್ದರೆ ಜಸ್ಟ್ ಪಾಸ್. ಹಾಗೆ ಪಾಸಾದವರಿಗೆ ಸೀಸನ್ ಮುಗಿದ ಮೇಲೆ ಸಿಗುವ ವಿಶೇಷ ಪಂದ್ಯವೇ ಬೌಲ್. ಡಿಸೆಂಬರ್, ಜನವರಿಯಲ್ಲಿ ಅಂಥವು ನಲವತ್ತಕ್ಕೂ ಹೆಚ್ಚು ನಡೆಯುತ್ತವೆ. ಅಂದರೆ ಎಂಬತ್ತಕ್ಕೂ ಜಾಸ್ತಿ ಟೀಮು ಬೇಕು!

ಅಷ್ಟು ಜನ ಪಾಸಾಗದಿದ್ದರೆ? 2015ರಲ್ಲಿ ಹಾಗೇ ಆಯಿತು. ಆಗ ಐದೇ ಗೆದ್ದವರಲ್ಲಿ ಯಾವ ಟೀಮಿನ ಹುಡುಗರು ಓದಿನಲ್ಲಿ ಮುಂದಿದ್ದಾರೆ ಅಂತ ನೋಡಿದರು. ನೆಬ್ರಾಸ್ಕಾ, ಮಿನೆಸೋಟಾ, ಸ್ಯಾನ್ ಹೋಸೆ ಸ್ಟೇಟ್ ಒಳಗೆ ಬಂದವು. ಗ್ರೇಸ್ ಮಾರ್ಕ್ಸ್ ಅಂತ ನಕ್ಕವರ ಎದುರಿಗೇ ಮೂರೂ ಟೀಮು ಗೆದ್ದವು.

ಯಾರು ಎಲ್ಲಿಗೆ ಹೋಗಬೇಕು ಅನ್ನುವುದು ಇನ್ನೊಂದು ಕಥೆ. ಪಾಯಿಂಟ್ಸ್ ಪಟ್ಟಿ ನೋಡಿ ಮೇಲಿಂದ ಕೆಳಗೆ ಹಂಚಿಬಿಡುವುದಿಲ್ಲ. ಒಂದೊಂದು ಬೌಲಿಗೂ ಇಂಥ ಕಾನ್ಫರೆನ್ಸಿನ, ಅಂದರೆ ಕಾಲೇಜು ಟೀಮುಗಳ ಇಂಥ ಗುಂಪಿನ, ಟೀಮೇ ಬೇಕು ಅಂತ ಮೊದಲೇ ಒಪ್ಪಂದ ಇರುತ್ತದೆ. ನಮ್ಮ ಕಡೆ ಸೋದರಮಾವನ ಮನೆಯ ಸಂಬಂಧ ಮಾತಾಡಿಟ್ಟ ಹಾಗೆ. ಅದರೊಳಗೆ ಆರಿಸುವಾಗ, ಯಾವ ಟೀಮಿನ ಹಿಂದೆ ಜಾಸ್ತಿ ಜನ ಬರುತ್ತಾರೆ, ಹೋಟೆಲ್ ತುಂಬುತ್ತವೆ ಅನ್ನೋದನ್ನೂ ಲೆಕ್ಕ ಹಾಕುತ್ತಾರೆ. ನನಗಂತೂ ಇದು ಮದುವೆ ದಿಬ್ಬಣದ ಲೆಕ್ಕದಂತೆಯೇ ಕಂಡಿತು.

ಇಡೀ ದೇಶದ ಚಾಂಪಿಯನ್‌ಶಿಪ್‌ನ ಟೀಮುಗಳನ್ನು ಮಾತ್ರ 13 ಜನರ ಸಮಿತಿ ಆರಿಸುತ್ತದೆ. 2023ರಲ್ಲಿ ಫ್ಲೋರಿಡಾ ಸ್ಟೇಟ್ ತನ್ನ ಕಾನ್ಫರೆನ್ಸಿನ ಫೈನಲ್ಲೂ ಸೇರಿ ಹದಿಮೂರಕ್ಕೆ ಹದಿಮೂರೂ ಗೆದ್ದಿತ್ತು. ಆದರೂ ಆಗ ಆರಿಸುತ್ತಿದ್ದ ನಾಲ್ಕು ಟೀಮಿನಲ್ಲಿ ಜಾಗ ಸಿಗಲಿಲ್ಲ. ಅವರ ಮುಖ್ಯ ಆಟಗಾರನ ಕಾಲಿಗೆ ಪೆಟ್ಟಾಗಿದೆ, ಮೊದಲಿನ ಟೀಮಲ್ಲ ಇದು ಅಂದುಬಿಟ್ಟರು. ಗೆದ್ದದ್ದೇ ತಪ್ಪಾಯ್ತಲ್ವಾ? ಮರುವರ್ಷದಿಂದ 12 ಟೀಮು ಮಾಡಿದ್ದಾರೆ. ಹದಿಮೂರನೆಯವರು ಈಗ ಅಳುತ್ತಾರೆ, ಅಷ್ಟೇ.

ನಮ್ಮ ಅಜ್ಜನ ಟೀಮಿಗೆ ಆ ದೊಡ್ಡ ಚಿಂತೆಯೆಲ್ಲ ಇರಲಿಲ್ಲ. ಆರಕ್ಕೆ ಐದು ಗೆದ್ದು ಶುರು ಮಾಡಿ, ಸಾಲಾಗಿ ನಾಲ್ಕು ಸೋತು ಕೂತಿತ್ತು. ಇನ್ನೊಂದೇ ಒಂದು ಗೆಲುವು ಬೇಕಿತ್ತು. ನವೆಂಬರ್ 23ಕ್ಕೆ ವಿಸ್ಕಾನ್ಸಿನ್ ವಿರುದ್ಧ 44-25ರಲ್ಲಿ ಅದೂ ಬಂತು. ಆ ಸಂಜೆ ಅಜ್ಜ ಒಂದು ಪಾತ್ರೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಒಳಗೆ ಬಿಸಿಬಿಸಿ ಚಿಲ್ಲಿ ಅನ್ನುವ ಖಾರದ ಗಟ್ಟಿ ಸಾರು, ಮೇಲೊಂದು ದಾಲ್ಚಿನ್ನಿ ರೋಲು. ಖಾರದ ಜೊತೆ ಸಿಹಿ ತಿನ್ನುವುದು ಇಲ್ಲಿನ ರೂಢಿ. ನಮಗೋಸ್ಕರ ಮಾಂಸ ಬಿಟ್ಟು ಬರೀ ಕಾಳು ಹಾಕಿ ಮಾಡಿದ್ದರು.

ಟೀಮು ಡಿಸೆಂಬರ್ 28ಕ್ಕೆ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಪಿನ್‌ಸ್ಟ್ರೈಪ್ ಬೌಲ್ ಆಡಿತು. ಬಾಸ್ಟನ್ ಕಾಲೇಜ್ ಮೇಲೆ 20-15ರಲ್ಲಿ ಗೆದ್ದಿತು. ನಾನು ಹೋಳಿಗೆ ಮಾಡಿ ಅದೇ ಪಾತ್ರೆಯಲ್ಲಿ ವಾಪಸ್ ಕೊಟ್ಟೆ.